ಬೆಟ್ಟದೂರಿನ ಜಮಾಖರ್ಚು



ಈ ಬಾರಿ ವರ್ಷಾಂತ್ಯದ ರಜೆಗೆ ನಮ್ಮ ಸಂಘದ ಯುವಕ ಯುವತಿಯರೆಲ್ಲ ಸೇರಿ ಮಡಿಕೇರಿಗೆ ಹೋಗುವುದೆಂದು ತೀರ್ಮಾನಿಸಿದ್ದೀರಿ. ಅದೇ ಊರಿನಲ್ಲಿ ಹುಟ್ಟಿ ಬೆಳೆದು, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಚ್ಚಿಬೌಲಿಯಲ್ಲಿ ಬೇರು ಬಿಟ್ಟಿರುವ ನನ್ನನ್ನು "ಎಲ್ಲಿ ಉಳಿಯೋಣ ಅಂಕಲ್, ಏನೇನು ನೋಡೋಣ?" ಎಂದು ಕೇಳಿದಿರಿ. ಸಂತೋಷ. ನೋಡುವ ಜಾಗಗಳ ಪಟ್ಟಿಯನ್ನು ಬಾಯಲ್ಲೇ ಹೇಳುತ್ತೇನೆ. ಅದಕ್ಕೆ ಪತ್ರಿಕೆಯ ಪುಟ ಬೇಕಿಲ್ಲ. ಇಲ್ಲಿ ಬೇರೊಂದು ವಿಷಯ ಹೇಳಹೊರಟಿದ್ದೇನೆ. ನಿಮ್ಮಲ್ಲಿ ಹಲವರು ದೂರದೇಶದ ಕಂಪನಿಗಳ ಲೆಕ್ಕಪತ್ರವನ್ನು ಹಗಲಿರುಳು ನೋಡುವವರು. ನೀವು ಹೋಗಲಿರುವ ಈ ಸಣ್ಣ ಊರು ತನ್ನ ಸಂಸಾರವನ್ನು ಹೇಗೆ ತೂಗಿಸುತ್ತದೆ, ನಿಮ್ಮ ಜೇಬಿನಿಂದ ಹೊರಟ ರೂಪಾಯಿ ಅಲ್ಲಿ ಯಾರ ಕೈ ಸೇರುತ್ತದೆ ಎಂಬುದನ್ನೂ ಒಮ್ಮೆ ನೋಡಿ. ಈ ಪ್ರಶ್ನೆ ಈಚೆಗೆ ನಮ್ಮ ಮನೆಯೊಳಗೇ ಬಂದು ಕೂತಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮಡಿಕೇರಿ ಎಷ್ಟು ಚಿಕ್ಕ ಊರು ಎಂಬುದು ದೂರದಿಂದ ಹೋಗುವವರಿಗೆ ಗೊತ್ತಾಗುವುದಿಲ್ಲ. 2011ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 33,381. ಇಡೀ ಕೊಡಗು ಜಿಲ್ಲೆಯದು ಐದೂವರೆ ಲಕ್ಷ. ನಮ್ಮ ಗಚ್ಚಿಬೌಲಿ, ಕೊಂಡಾಪುರದ ದೊಡ್ಡ ಅಪಾರ್ಟ್‌ಮೆಂಟುಗಳನ್ನು ಒಂದಷ್ಟು ಕೂಡಿಸಿದರೆ ಒಂದು ಮಡಿಕೇರಿ ಆದೀತು! ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಜಿಲ್ಲೆಯಲ್ಲೆಲ್ಲೂ ರೈಲಿಲ್ಲ. 1956ರ ನವೆಂಬರ್ 1ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು, ಮಡಿಕೇರಿ ಅದರ ರಾಜಧಾನಿ. ಆಗಿನ ಅಳತೆಗೆ ಮಾಡಿದ ರಸ್ತೆಗಳಲ್ಲೇ ಇಂದು ಉದ್ದ ರಜೆ ಸಿಕ್ಕಾಗಲೆಲ್ಲ ಬೆಂಗಳೂರು, ಮೈಸೂರು, ಕೇರಳ, ಈಚೆಗೆ ನಮ್ಮ ಹೈದರಾಬಾದಿನ ಕಾರುಗಳೂ ಏರಿ ಬರುತ್ತವೆ. ಅಂಥ ದಿನ ರಾಜಾಸೀಟಿನ ಹತ್ತಿರ ಕಾರು ನಿಲ್ಲಿಸಲು ಜಾಗ ಹುಡುಕುವುದೂ ಒಂದೇ, ಸೂರ್ಯಾಸ್ತವನ್ನು ಕಾರಿನ ಗಾಜಿನೊಳಗಿಂದ ನೋಡುವುದೂ ಒಂದೇ.

ನಾನು ಚಿಕ್ಕವನಿದ್ದಾಗ ಊರು ಹೀಗಿರಲಿಲ್ಲ ಎಂದರೆ ಹಳಬರ ಗೊಣಗಾಟ ಎಂದು ನೀವು ನಕ್ಕೀರಿ. ನಗಿ. ಆದರೆ ಏಕೆ ಹೀಗಾಯಿತು ಎಂಬುದಕ್ಕೆ ಲೆಕ್ಕ ಇದೆ, ಮತ್ತು ಆ ಲೆಕ್ಕ ಕಾಫಿಯದು. 1940ರ ದಶಕದಿಂದ ಬೆಳೆಗಾರರು ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಬೇಕಿತ್ತು. ಮಂಡಳಿ ಮಾರಿ ಕಂತುಕಂತಾಗಿ ಹಣ ಕೊಡುತ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1992ರಿಂದ ಹಂತಹಂತವಾಗಿ ಸಡಿಲಿಸಿ, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರಿಕೊಳ್ಳಬಹುದು ಎಂದಾಯಿತು. ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟುಹೋದವು, ಇಲ್ಲಿ ಬೆಲೆ ಗಗನಕ್ಕೇರಿತು. ಆಗ ಕೊಡಗಿನಲ್ಲಿ ಹೊಸ ಜೀಪು ಕೊಂಡವರೆಷ್ಟೋ! ಆದರೆ 2000ದ ನಂತರ ಬೆಲೆ ಕುಸಿಯುತ್ತ ಹೋಗಿ, 2001, 2002ರಲ್ಲಿ ಹಲವು ದಶಕಗಳಲ್ಲಿ ಕಾಣದಷ್ಟು ಕೆಳಗಿಳಿಯಿತು. ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದ ಸ್ಥಿತಿ. ಅದೇ ವರ್ಷಗಳಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಕೈಯಲ್ಲಿ ಸಂಬಳವೂ ಶನಿವಾರವೂ ಕೂಡಿಬಂದವು. ತೋಟದ ಮನೆಯ ಖಾಲಿ ಕೋಣೆಗೆ ಹೊಸ ಹಾಸಿಗೆ ಹಾಸಿ "ಹೋಂಸ್ಟೇ" ಎಂದು ಬೋರ್ಡು ಬರೆಸುವ ಕಾಲ ಹಾಗೆ ಬಂತು. ಕೊಡಗಿನವರು ಅತಿಥಿಸತ್ಕಾರವನ್ನು ವ್ಯಾಪಾರ ಮಾಡಿಕೊಂಡರು ಎಂದು ಹಂಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಷ್ಟೋ ಕುಟುಂಬಗಳು ಸಾಲ ತೀರಿಸಿ ಮಕ್ಕಳನ್ನು ಓದಿಸಿದ್ದು ಆ ಕೋಣೆಗಳಿಂದಲೇ.

ನನ್ನ ಅಕ್ಕ ಭಾವನದೂ ಅಂಥದೇ ಒಂದು ಮನೆ. ಮಡಿಕೇರಿಯಿಂದ ಆರೇಳು ಮೈಲಿ ದೂರ, ಆರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು, ಹಂಚಿನ ಮನೆ, ಮುಂದೆ ಕಣ. 2004ರಲ್ಲಿ ಮೂರು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟರು. (ನಿಮ್ಮನ್ನು ಅಲ್ಲಿಗೆ ಕಳಿಸುವುದಿಲ್ಲ, ಹೆದರಬೇಡಿ. ಸ್ವಜನಪಕ್ಷಪಾತದ ಆರೋಪ ನನಗೆ ಬೇಡ!)

ಈಗ ಒಂದು ರೂಪಾಯಿಯ ಬೆನ್ನು ಹತ್ತಿ ಹೋಗೋಣ. ಲೆಕ್ಕಕ್ಕೆ ಸುಲಭವಾಗಲಿ ಎಂದು ಅಕ್ಕನ ಮನೆಯ ಒಂದು ಕೋಣೆಗೆ ರಾತ್ರಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ನೀವು ಫೋನಿನ ಆ್ಯಪ್‌ನಲ್ಲಿ ಕಾದಿರಿಸಿದರೆ ಆ್ಯಪ್‌ನವರು ನೂರಕ್ಕೆ ಹದಿನೈದೋ ಇಪ್ಪತ್ತೋ ಹಿಡಿದುಕೊಳ್ಳುತ್ತಾರೆ. ಇಪ್ಪತ್ತೆಂದರೆ 800 ರೂಪಾಯಿ ಬೆಟ್ಟ ಹತ್ತದೆ ನಗರದಲ್ಲೇ ಉಳಿಯಿತು. 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ನೂರಕ್ಕೆ 5, ಅಂದರೆ ನೀವು ಮೇಲೆ ಕೊಡುವ 200 ರೂಪಾಯಿ. ಅದು ದೆಹಲಿಗೂ ಬೆಂಗಳೂರಿಗೂ ಹಂಚಿಹೋಗುತ್ತದೆ. ಉಳಿದ 3,200ರಲ್ಲಿ ಅಕ್ಕಿ, ಕೋಳಿ, ಹಾಲು, ಗ್ಯಾಸ್, ಬಟ್ಟೆ ಒಗೆಯಲು ಬರುವಾಕೆಯ ಕೂಲಿ ಎಲ್ಲ ಕಳೆದು ಏನು ಮಿಕ್ಕಿತೋ ಅದು ಅಕ್ಕನದು. ಅಷ್ಟಾದರೂ ಕೋಳಿಯೂ ಹಾಲೂ ಆಳೂ ಅದೇ ಊರಿನವು. ಅಕ್ಕ ಆ ದುಡ್ಡಿನಲ್ಲಿ ಮಡಿಕೇರಿಯ ಅಂಗಡಿಯಲ್ಲೇ ಸೀರೆ ಕೊಳ್ಳುತ್ತಾಳೆ, ಅಂಗಡಿಯವನು ಅಲ್ಲೇ ಮಗಳ ಮದುವೆ ಮಾಡುತ್ತಾನೆ. ದುಡ್ಡು ಊರೊಳಗೆ ನಾಲ್ಕು ಸುತ್ತು ತಿರುಗಿ ಆಮೇಲೆ ಹೊರಗೆ ಹೋಗುತ್ತದೆ. ದೊಡ್ಡ ರೆಸಾರ್ಟಿನಲ್ಲಿ ರಾತ್ರಿಗೆ 20,000 ಕೊಟ್ಟರೆ? ಕೆಲಸಕ್ಕೆ ಊರಿನ ಹುಡುಗರೂ ಇರುತ್ತಾರೆ, ಇಲ್ಲವೆನ್ನಲಾರೆ. ಪ್ರಾವಿಡೆಂಟ್ ಫಂಡೂ ಸಿಗುತ್ತದೆ, ಅದು ಅಕ್ಕನ ಮನೆಯಲ್ಲಿ ಸಿಗುವುದಿಲ್ಲ. ಆದರೆ ಮಾಲೀಕರು ದೂರದ ನಗರದವರಾದರೆ ಲಾಭ ಸಂಜೆಯೊಳಗೆ ಬೆಟ್ಟ ಇಳಿದುಬಿಡುತ್ತದೆ.

ಇಷ್ಟಾದ ಮೇಲೆ ಮಡಿಕೇರಿ ನಗರಸಭೆಗೆ ಏನು ಸಿಕ್ಕಿತು ಎಂದು ಕೇಳಿ. ನೇರವಾಗಿ, ಏನೂ ಇಲ್ಲ! ನಿಮಗೆ ಇದು ವಿಚಿತ್ರ ಎನಿಸೀತು. ಜಿಎಸ್‌ಟಿಯಲ್ಲಿ ನಗರಸಭೆಗೆ ನೇರ ಪಾಲಿಲ್ಲ. ರಾಜಾಸೀಟಿನ ಟಿಕೆಟ್ಟು ತೋಟಗಾರಿಕೆ ಇಲಾಖೆಯದು, ಮಾಂದಲ್‌ಪಟ್ಟಿ, ದುಬಾರೆಯದು ಅರಣ್ಯ ಇಲಾಖೆಯದು. ಅಕ್ಕನ ಮನೆಯಂಥ ಹೋಂಸ್ಟೇಗಳು ಹಳ್ಳಿಯಲ್ಲಿರುವುದರಿಂದ ಅವುಗಳ ಕಂದಾಯ ಗ್ರಾಮ ಪಂಚಾಯಿತಿಗೆ. ನಗರಸಭೆಯ ಕೈಗೆ ಬರುವುದು ಪಟ್ಟಣದೊಳಗಿನ ಮನೆ ಅಂಗಡಿಗಳ ಆಸ್ತಿ ತೆರಿಗೆ, ಲೈಸೆನ್ಸು, ನೀರಿನ ಶುಲ್ಕ ಇತ್ಯಾದಿ. ಮೇಲಿನಿಂದ ಬರುವ ಅನುದಾನ. ಆ ಅನುದಾನ ಲೆಕ್ಕ ಹಾಕುವಾಗ ಊರಿನ ಕಾಯಂ ತಲೆಗಳನ್ನು ಎಣಿಸುತ್ತಾರೆಯೇ ಹೊರತು ಶನಿವಾರ ಬಂದು ಭಾನುವಾರ ಹೋಗುವವರನ್ನಲ್ಲ. ಆದರೆ ಕಸ ಎಲ್ಲರದೂ, ನೀರು ಎಲ್ಲರಿಗೂ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಊರಿಗೆ ಬೇಸಿಗೆಯಲ್ಲಿ ನೀರಿನ ಚಿಂತೆ ಎಂದರೆ ನೀವು ನಂಬಲಿಕ್ಕಿಲ್ಲ. ಕೂಟುಹೊಳೆ ಸೊರಗಿತೆಂದರೆ ನಲ್ಲಿಗಳೂ ಸೊರಗುತ್ತವೆ. ಬೆಟ್ಟದ ಮೇಲಿನ ನೀರು ನಿಲ್ಲುವ ಜಾತಿಯದಲ್ಲ, ಓಡುವ ಜಾತಿಯದು.

ಮಹಾರಾಷ್ಟ್ರದ ಮಾಥೇರಾನ್ ಎಂಬ ಪುಟ್ಟ ಗಿರಿಧಾಮದಲ್ಲಿ ಈ ಗಂಟನ್ನು ನೇರವಾಗಿ ಬಿಡಿಸಿಕೊಂಡಿದ್ದಾರೆ. ಕಾರುಗಳನ್ನೆಲ್ಲ ದಸ್ತೂರಿ ನಾಕಾದಲ್ಲೇ ನಿಲ್ಲಿಸಬೇಕು, ಬರುವ ಪ್ರತಿಯೊಬ್ಬ ಪ್ರವಾಸಿಯಿಂದ ಪುರಸಭೆಯೇ ಪ್ರವೇಶಕರ ವಸೂಲಿ ಮಾಡುತ್ತದೆ. ಕಸ ಎತ್ತುವವರ ಕೈಗೇ ಕಾಸು. ಮಡಿಕೇರಿಯಲ್ಲೂ ಇಂಥದೊಂದು ಆಗಬೇಕು ಎಂಬುದು ನನ್ನ ಅಭಿಪ್ರಾಯ. ರಾತ್ರಿಗೆ ತಲೆಗೆ ಐವತ್ತು ರೂಪಾಯಿ ಕೊಡಲು ನಿಮಗೆ ಕಷ್ಟವೇ? ಕಾಫಿ ಶಾಪಿನಲ್ಲಿ ಒಂದು ಲೋಟ ಕಾಫಿಗೆ ಮುನ್ನೂರು ಕೊಡುವವರು ನೀವು!

ಊಟಿಯ ಮಾತೂ ಬರಲೇಬೇಕು. ನೀಲಗಿರಿ ನಮಗೆ ಹೊರಗಿನದಲ್ಲ. ಅಲ್ಲಿನ ಬಡಗರ ನುಡಿ ಕೇಳಿದರೆ ಕನ್ನಡದ ಸೋದರಿ ಎಂದು ನಿಮಗೂ ಗೊತ್ತಾದೀತು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಅಲ್ಲಿ ಕಲ್ಲುಮನೆ ಕಟ್ಟಿಸಿದಂದಿನಿಂದ ಊಟಿ ಬೆಳೆದದ್ದೇ ಬೆಳೆದದ್ದು. ಕೊನೆಗೆ ಮದ್ರಾಸ್ ಹೈಕೋರ್ಟು ನಡುವೆ ಬಂದು 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗಳಿಗೆ ಇ-ಪಾಸ್ ಕಡ್ಡಾಯ ಮಾಡಿಸಿತು. ಮರುವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ನೀಲಗಿರಿಗೆ ದಿನಕ್ಕೆ 6,000 ವಾಹನ, ವಾರಾಂತ್ಯದಲ್ಲಿ 8,000 ಎಂದು ಮಿತಿಯನ್ನೂ ಹಾಕಿತು. ಬಸ್ಸು ರೈಲಿನಲ್ಲಿ ಬರುವವರಿಗೆ ಅಡ್ಡಿಯಿಲ್ಲ. ಅಲ್ಲಿನ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. ಅವರ ಹೊಟ್ಟೆಪಾಡನ್ನು ಹಗುರವಾಗಿ ಕಾಣಲಾಗದು. ಸೀಸನ್ನಿನ ಎರಡು ತಿಂಗಳ ದುಡಿಮೆಯಲ್ಲಿ ವರ್ಷ ಕಳೆಯುವವರು ಅವರು. ಆದರೂ ಒಂದು ಬೆಟ್ಟ ಎಷ್ಟು ಜನರನ್ನು ಹೊರಬಲ್ಲದು ಎಂದು ಯಾರೋ ಒಬ್ಬರು ಎಣಿಸಲು ಶುರುಮಾಡಿದ್ದು ಸರಿಯೇ. ಊರಿನವರು ತಾವಾಗಿ ಎಣಿಸದಿದ್ದರೆ ಕೋರ್ಟು ಎಣಿಸುತ್ತದೆ, ಅಥವಾ ಬೆಟ್ಟವೇ ಎಣಿಸುತ್ತದೆ.

ಬೆಟ್ಟ ಎಣಿಸಿದ್ದನ್ನು ನಾವು 2018ರ ಆಗಸ್ಟಿನಲ್ಲಿ ಕಂಡೆವು. ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ, ಹಟ್ಟಿಹೊಳೆ. ಈ ಹೆಸರುಗಳನ್ನು ನೀವು ಕೇಳಿರಲಿಕ್ಕಿಲ್ಲ. ಒಂದೇ ವಾರದಲ್ಲಿ ಅಲ್ಲೆಲ್ಲ ಗುಡ್ಡ ಜಾರಿ ತೋಟ, ಮನೆ, ರಸ್ತೆ ಕೊಚ್ಚಿಹೋದವು. ಹದಿನೈದಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು, ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಮಡಿಕೇರಿ–ಮಂಗಳೂರು ಹೆದ್ದಾರಿ ಕಡಿದುಹೋಯಿತು. ಮಳೆ ಅಸಾಧಾರಣವಾಗಿತ್ತು, ನಿಜ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬಂದು ನೋಡಿ, ಮನೆಗೆಂದೂ ರಸ್ತೆಗೆಂದೂ ಇಳಿಜಾರನ್ನು ಕಡಿದದ್ದೂ ಒಂದು ಮುಖ್ಯ ಕಾರಣ ಎಂದರು. ಮತ್ತೆ 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ಕಥೆ.

ಆ ಆಗಸ್ಟಿನಲ್ಲಿ ನಾನು ಗಚ್ಚಿಬೌಲಿಯಲ್ಲಿ ಕೂತು ಎರಡು ದಿನ ಅಕ್ಕನ ಫೋನು ಸಿಗದೆ ಒದ್ದಾಡಿದೆ. ಅವರ ಗುಡ್ಡಕ್ಕೆ ಏನೂ ಆಗಿರಲಿಲ್ಲ. ಆದರೆ ಕಾದಿರಿಸಿದ ಕೋಣೆಗಳೆಲ್ಲ ರದ್ದಾದವು, ತಿಂಗಳುಗಟ್ಟಲೆ ಒಬ್ಬರೂ ಬರಲಿಲ್ಲ. 2020ರಲ್ಲಿ ಕೊರೋನ ಬಂದು ಮತ್ತೊಮ್ಮೆ ಬಾಗಿಲು ಮುಚ್ಚಿಸಿತು. ಆಗ ಮನೆ ನಡೆದದ್ದು ಯಾವುದರಿಂದ? ಅದೇ ಕಾಫಿ, ಅದೇ ಕರಿಮೆಣಸು. ಇನ್ನು 2024–25ರಲ್ಲಂತೂ ಕಾಫಿ ಬೆಲೆ ದಾಖಲೆ ಮುಟ್ಟಿತು. ಮೂರು ಕೋಣೆ ವರ್ಷವಿಡೀ ಕೊಡುವುದಕ್ಕಿಂತ ಕಣದ ಮೇಲೆ ಒಣಗಿದ ಹಣ್ಣೇ ಹೆಚ್ಚು ಕೊಟ್ಟಿತು ಎಂದು ಭಾವ ನಗುತ್ತಾರೆ. ಈ ಬೆಲೆಯೂ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಹಾಗಾಗಿಯೇ ಅವರು ಎರಡನ್ನೂ ಬಿಡುವುದಿಲ್ಲ. ತೋಟ ಇಟ್ಟುಕೊಂಡು ಕೋಣೆ ಕೊಡುವವನಿಗೂ, ತೋಟ ಕಡಿದು ಕೋಣೆ ಕಟ್ಟುವವನಿಗೂ ಇರುವ ವ್ಯತ್ಯಾಸ ಇಷ್ಟೇ. ಬೋರ್ಡಿನ ಮೇಲೆ ಇಬ್ಬರದೂ "ಹೋಂಸ್ಟೇ" ಎಂದೇ ಇರುತ್ತದೆ.

ಪಟ್ಟಣದೊಳಗಿನ ಕಷ್ಟ ಬೇರೆ. ನಾವು ಬೆಳೆದ ಬೀದಿಯಲ್ಲಿ ಮೊದಲು ಮಾಸ್ತರರು, ನರ್ಸಮ್ಮಂದಿರು, ಬ್ಯಾಂಕಿನವರು ಬಾಡಿಗೆಗೆ ಇರುತ್ತಿದ್ದರು. ಈಗ ಅದೇ ಮನೆಗಳ ಮಹಡಿ ದಿನದ ಬಾಡಿಗೆಗೆ ಹೋಗುತ್ತದೆ. ತಿಂಗಳಿಗೆ ಸಿಗುವುದು ಎರಡು ಶನಿವಾರದಲ್ಲಿ ಸಿಗುವಾಗ ಮಾಸ್ತರರಿಗೆ ಯಾರು ಕೊಟ್ಟಾರು? ಹೋಟೆಲಿನ ಹುಡುಗನಿಗಂತೂ ಕೇಳಲೇಬೇಡಿ. ಕೆನಡಾದ ವಿಸ್ಲರ್ ಎಂಬ ಹಿಮಬೆಟ್ಟದ ಊರಿನವರೂ ಇದೇ ತಾಪತ್ರಯ ಪಟ್ಟು, 1997ರಲ್ಲಿ ವಸತಿ ಪ್ರಾಧಿಕಾರವೊಂದನ್ನು ಮಾಡಿಕೊಂಡರು. ಆ ಊರಿನಲ್ಲಿ ದುಡಿಯುವವರಿಗೆ ಮಾತ್ರ ಎಂದು ಮೀಸಲಿಟ್ಟ ಮನೆಗಳು ಅಲ್ಲಿವೆ. ಮನಬಂದ ಬೆಲೆಗೆ ಹೊರಗಿನವರಿಗೆ ಮಾರುವಂತಿಲ್ಲ. ಅಮೆರಿಕದ ಆಸ್ಪೆನ್‌ನಲ್ಲಿ ಮನೆ ಕೈಬದಲಾದಾಗಲೆಲ್ಲ ಬೆಲೆಯ ನೂರಕ್ಕೆ ಒಂದರಷ್ಟು ತೆರಿಗೆ ನೌಕರರ ಮನೆಗಳ ನಿಧಿಗೆ ಹೋಗುತ್ತದೆ. ಅವು ಕೋಟ್ಯಧೀಶರ ಊರುಗಳು, ನಮಗೆ ಹೋಲಿಕೆಯೇ ಎಂದು ನೀವು ಕೇಳಬಹುದು. ಕೋಟ್ಯಧೀಶರ ಊರಿನಲ್ಲೂ ಪಾತ್ರೆ ತೊಳೆಯುವವನಿಗೆ ಮನೆ ಬೇಕಲ್ಲ!

ಇದೆಲ್ಲ ನಿಮಗೆ ಹೊಸ ಕಥೆಯೂ ಅಲ್ಲ. ನಾನು ಬಂದಾಗ ಗಚ್ಚಿಬೌಲಿ ಎಂದರೆ ಬಂಡೆಗಳ ನಡುವೆ ಒಂದು ವಿಶ್ವವಿದ್ಯಾಲಯ, ಒಂದು ಕ್ರೀಡಾಂಗಣ. ಸೈಬರ್ ಟವರ್ಸ್ ಎದ್ದು ಆಗಿನ್ನೂ ಕೆಲವೇ ವರ್ಷ. ಇಂದು ನಮ್ಮ ಮನೆಗೆಲಸಕ್ಕೆ ಬರುವಾಕೆ, ಕಾವಲಿನವನು, ಆಟೋದವನು ಯಾರೂ ಗಚ್ಚಿಬೌಲಿಯಲ್ಲಿ ಮನೆ ಮಾಡಲಾರರು. 2025ರ ಮಾರ್ಚಿಯ ಕೊನೆಯಲ್ಲಿ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರಗಳಿಗೆ ಬುಲ್‌ಡೋಜರ್ ಬಿದ್ದಾಗ ನಿಮ್ಮಲ್ಲಿ ಕೆಲವರು ವಿದ್ಯಾರ್ಥಿಗಳ ಜೊತೆ ನಿಂತಿರಿ; ಏಪ್ರಿಲ್ 3ರಂದು ಸುಪ್ರೀಂ ಕೋರ್ಟು ತಡೆಯಿತು. ಅದನ್ನು ಕಂಡು ನನಗೆ ಹೆಮ್ಮೆಯಾಯಿತು. ಆದರೆ ಅದೇ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ "ಕೂರ್ಗಿನಲ್ಲಿ ನಿಮ್ಮದೇ ವಿಲ್ಲಾ, ಕಣಿವೆಯ ನೋಟ" ಎಂಬ ಜಾಹೀರಾತು ಅಂಟಿಸಿದ್ದರು. ಕಣಿವೆಯ ನೋಟ ಬೇಕೆಂದರೆ ಇಳಿಜಾರಿನಲ್ಲೇ ಕಟ್ಟಬೇಕು, ಗಮನಿಸಿ. ಮೊದಲು ಕೃಷಿಕರಲ್ಲದವರು ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಲು ಅಡ್ಡಿಯಿತ್ತು. 2020ರ ತಿದ್ದುಪಡಿಯಲ್ಲಿ ಆ ಅಡ್ಡಿಯೂ ಹೋಯಿತು. ವರ್ಷದಲ್ಲಿ ಹತ್ತು ದಿನ ದೀಪ ಉರಿಯುವ ಮನೆಗಿಂತ ಊರಿಗೆ ಭಾರವಾದದ್ದು ಬೇರಿಲ್ಲ.

ಇನ್ನು ನಮ್ಮ ಮನೆಯೊಳಗಿನ ಪ್ರಶ್ನೆ. ಅಕ್ಕ ಭಾವನಿಗೆ ಒಬ್ಬಳೇ ಮಗಳು, ಇಲ್ಲೇ ಫೈನಾನ್ಷಿಯಲ್ ಡಿಸ್ಟ್ರಿಕ್ಟಿನಲ್ಲಿ ಕೆಲಸ. ನಿಮಗೆಲ್ಲ ಪರಿಚಯದವಳೇ. ಆ ಆರು ಎಕರೆಗೆ ಈಗ ಗಿರಾಕಿ ಬಂದಿದ್ದಾರೆ, ಅವರೂ ಹೈದರಾಬಾದಿನವರೇ. ಹನ್ನೆರಡು ವಿಲ್ಲಾ ಕಟ್ಟುವ ಯೋಜನೆ. ಅವರು ಹೇಳಿದ ಬೆಲೆ ಕೇಳಿ ಭಾವ ಒಂದು ರಾತ್ರಿ ನಿದ್ದೆ ಮಾಡಲಿಲ್ಲವಂತೆ. ಭಾವನಿಗೆ ಎಪ್ಪತ್ತೆರಡು. ಕೊಯ್ಲಿಗೆ ಅಸ್ಸಾಮಿನಿಂದ ಬರುವ ಆಳುಗಳಿಗೆ ಕಾಯಬೇಕು, ಅಕ್ಕನಿಗೆ ಮಂಡಿ ನೋವು, ಬೆಳಗಿನ ಅಕ್ಕಿರೊಟ್ಟಿಗೆ ಅತಿಥಿಗಳು ಫೋಟೋ ತೆಗೆಯುವವರೆಗೂ ನಿಂತಿರಬೇಕು. "ಮಾವ, ನಾನು ಅಲ್ಲಿಗೆ ಹೋಗಿ ಏನ್ ಮಾಡ್ಲಿ? ಅಪ್ಪ ಅಮ್ಮ ಇಲ್ಲಿಗೆ ಬಂದು ನೆಮ್ಮದಿಯಾಗಿ ಇರ್ಲಿ" ಎಂದು ಹುಡುಗಿ ಹೇಳಿದಾಗ ನನಗೆ ಉತ್ತರ ತೋಚಲಿಲ್ಲ. ಊರು ಬಿಟ್ಟು ಇಪ್ಪತ್ತು ವರ್ಷ ಇಲ್ಲೇ ಕೂತವನು ಅವಳಿಗೆ ಊರಿನ ಹಿತೋಪದೇಶ ಮಾಡಲು ಯಾವ ಬಾಯಿ?

ಹೇಳಿದ್ದಿಷ್ಟು: ಮಾರುವುದಾದರೆ ತೋಟವಾಗಿ ಉಳಿಸಿಕೊಳ್ಳುವವರಿಗೆ ಮಾರುವ ಬೆಲೆ ಎಷ್ಟು, ವಿಲ್ಲಾದವರ ಬೆಲೆ ಎಷ್ಟು, ಎರಡನ್ನೂ ಕಾಗದದ ಮೇಲೆ ಬರೆ, ನಡುವಿನ ವ್ಯತ್ಯಾಸ ನಿನಗೆ ನಿಜವಾಗಿ ಬೇಕೇ ನೋಡು. ಇಲ್ಲವಾದರೆ ತೋಟವನ್ನು ಪಕ್ಕದವರಿಗೆ ಗುತ್ತಿಗೆಗೆ ಕೊಟ್ಟು, ಕೋಣೆಗಳನ್ನು ನಡೆಸಲು ಊರಿನದೇ ಒಂದು ಜೋಡಿಯನ್ನು ಪಾಲಿಗೆ ಸೇರಿಸಿಕೊಳ್ಳುವ ದಾರಿಯೂ ಇದೆ. ಅಲ್ಲಿ ಮನೆ ಸಿಗದೆ ಊರು ಬಿಡುತ್ತಿರುವ ಗಂಡ ಹೆಂಡಿರಿಗೆ ಬರವಿಲ್ಲ. ಅವಳು ಬರೆದುಕೊಂಡಳು, ಏನೂ ಹೇಳಲಿಲ್ಲ. ಗಿರಾಕಿಗೆ ಸಂಕ್ರಾಂತಿ ಕಳೆದ ಮೇಲೆ ಉತ್ತರ ಕೊಡಬೇಕು. ನಿಮ್ಮಲ್ಲೂ ಹಲವರಿಗೆ ಅಜ್ಜನ ಮನೆಯೊಂದು ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಶಿರಸಿಯಲ್ಲೋ ಬೀಗ ಹಾಕಿ ನಿಂತಿದೆ ಎಂದು ನಾನು ಬಲ್ಲೆ. ಈ ಲೆಕ್ಕ ನಿಮ್ಮ ಮನೆಗೂ ಬಂದೇ ಬರುತ್ತದೆ.

ಪ್ರವಾಸದ ಮಾತಿಗೆ ಬಂದರೆ, ಡಿಸೆಂಬರ್ ಕೊನೆಯ ವಾರ ಬೇಡ. ಜನವರಿ ಎರಡನೇ ವಾರ ಸೋಮವಾರ ಹೊರಟು ಗುರುವಾರ ಮರಳಿ. ರಜೆ ಹಾಕಲಾಗದಿದ್ದರೆ ಲ್ಯಾಪ್‌ಟಾಪು ಹೊತ್ತುಕೊಂಡು ಹೋಗಿ. ಎಂಟುನೂರು ಕಿಲೋಮೀಟರಿಗೂ ಮೇಲೆ ಐದು ಕಾರು ಓಡಿಸುವ ಬದಲು ಕಾಚಿಗುಡದಿಂದ ಮೈಸೂರಿಗೆ ರೈಲು ಹಿಡಿದು ಅಲ್ಲಿಂದ ಬಸ್ಸು ಹತ್ತಿ. ಹೋಂಸ್ಟೇಯವರಿಗೆ ನೇರ ಫೋನು ಮಾಡಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ, ಮಾಲೀಕರು ಅದೇ ಮನೆಯಲ್ಲಿ ಇರುತ್ತಾರೆಯೇ ಎಂದು ಕೇಳಿ. ಮಾಂದಲ್‌ಪಟ್ಟಿಗೆ ಅಲ್ಲಿನ ಜೀಪಿನವರ ಜೊತೆಯೇ ಹೋಗಿ. ಕಾಫಿಪುಡಿ, ಕರಿಮೆಣಸು, ಜೇನು ಕೊಳ್ಳುವುದಾದರೆ ಬೆಳೆದವರಿಂದಲೇ ಕೊಳ್ಳಿ. ರಾತ್ರಿ ಬೆಂಕಿ ಹಾಕಿ ಪಾಟಿನ ಪೆಟ್ಟಿಗೆ ಕಿರಿಚಿಸುವುದು ಬೇಡ. ಪಕ್ಕದ ಮನೆಯ ಮಗುವಿಗೆ ಬೆಳಿಗ್ಗೆ ಶಾಲೆ ಇರುತ್ತದೆ. ಹೆಸರು ಕೊಡುವವರು ಮುಂದಿನ ಭಾನುವಾರದೊಳಗೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿ. ನನ್ನ ಸೊಸೆಯೂ ಬರುತ್ತಾಳಂತೆ, ನಿನ್ನೆ ಹೆಸರು ಕೊಟ್ಟಳು.